"ಇದು ಅಣ್ಣನ ಬೆಡಿ ಅಲ್ಲ"

ಓದುಗರ ಪ್ರಶ್ನೆ, ಟೀಚರ ಉತ್ತರ

ಹೋದ ತಿಂಗಳು ಹಳೆಯ ಮನೆ ಕಂಪ್ಯೂಟರುಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ ಅಷ್ಟೆ, ಪತ್ರಗಳು ರಾಶಿ ಬಿದ್ದಿವೆ. ಜಾಸ್ತಿ ಬಂದದ್ದು ನಮ್ಮ ಗಡಿಯ ಊರುಗಳಿಂದಲೇ. ಕುಂಬಳೆಯ ಒಂದು ಪತ್ರಕ್ಕೆ ಎರಡು ರಾತ್ರಿ ಕೂತಿದ್ದೇನೆ, ಹಾಗಾಗಿ ಅದರ ಉತ್ತರ ಉದ್ದ ಇದೆ. ಉಳಿದವರು ಬೇಸರ ಮಾಡಬೇಡಿ.

ಪ್ರಶ್ನೆ: ಟೀಚರೇ, ನಮಸ್ಕಾರ. ನನ್ನ ಸೋದರಮಾವ ಕುವೈತಿನಲ್ಲಿ ಕೆಲಸದಲ್ಲಿದ್ದರು. 1987ರಲ್ಲಿ ರಜೆಗೆ ಬರುವಾಗ ಒಂದು ಸಖರ್ ಕಂಪ್ಯೂಟರ್ ತಂದಿದ್ದರು. ಟಿವಿಗೆ ಸಿಕ್ಕಿಸುವಂಥದ್ದು, ಕೀಲಿಗಳ ಮೇಲೆ ಅರಬ್ಬಿ ಅಕ್ಷರವೂ ಇತ್ತು. ಆ ರಜೆಯಲ್ಲಿ ಅವರು ನಮ್ಮ ಕುಂಬಳೆ ಜಾತ್ರೆಯ ಬೆಡಿಯನ್ನೇ (ಸಿಡಿಮದ್ದು) ಒಂದು ಡೆಮೊ ಮಾಡಿದರು. ಬೆಡಿ ಮೇಲಕ್ಕೆ ಹಾರುವುದು, ಒಡೆಯುವುದು, ಕಿಡಿ ಉದುರುವುದು, ಹಿಂದೆ ಚೆಂಡೆಯ ಪೆಟ್ಟು. ಮನೆಯವರೆಲ್ಲ ಕೂತು ನೋಡುತ್ತಿದ್ದರಂತೆ. ಮಾವ ಈಗ ಇಲ್ಲ, ಕಂಪ್ಯೂಟರೂ ಹಾಳಾಗಿದೆ. ಕ್ಯಾಸೆಟ್ ಮತ್ತು ಅವರ ನೋಟ್‌ಬುಕ್ ಉಳಿದಿವೆ. ಕ್ಯಾಸೆಟ್ಟಿನಿಂದ ಪ್ರೋಗ್ರಾಮ್ ತೆಗೆದು ಲ್ಯಾಪ್‌ಟಾಪಿನ ಎಮ್ಯುಲೇಟರಿನಲ್ಲಿ (ಹಳೆಯ ಯಂತ್ರದ ಹಾಗೇ ನಡೆದುಕೊಳ್ಳುವ ಪ್ರೋಗ್ರಾಮ್) ಹಾಕಿದೆ, ಓಡಿತು. ಆಮೇಲೆ ಇಡೀ ಡೆಮೊವನ್ನು ಸಿ ಭಾಷೆಯಲ್ಲಿ ಮತ್ತೆ ಬರೆದು, ಪಿಕೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ತುಂಬಿಸಿ, ಮಾನಿಟರಿಗೆ ಜೋಡಿಸಿ ಅಮ್ಮನಿಗೆ ತೋರಿಸಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ "ಚೆಂದ ಇದೆ, ಆದರೆ ಇದು ಅಣ್ಣನ ಬೆಡಿ ಅಲ್ಲ" ಅಂದರು. ಬಣ್ಣ ಸರಿ ಇದೆ, ಲೆಕ್ಕ ಸರಿ ಇದೆ, ಒಂದು ಕಿಡಿಯೂ ತಪ್ಪಿಲ್ಲ. ಹಾಗಾದರೆ ಏನು ತಪ್ಪಿದೆ? ನನ್ನ ಕೋಡ್, ಕ್ಯಾಸೆಟ್ಟಿನ ಫೈಲ್, ನೋಟ್‌ಬುಕ್ಕಿನ ಫೋಟೊ ಎಲ್ಲ ಕಳಿಸಿದ್ದೇನೆ.
– ಒಬ್ಬ ಓದುಗ, ಕುಂಬಳೆ

ಉತ್ತರ: ನಿಮ್ಮ ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಮಾವನದ್ದನ್ನು ಎಮ್ಯುಲೇಟರಿನಲ್ಲಿ, ನಿಮ್ಮದನ್ನು ಬೋರ್ಡಿನಲ್ಲಿ, ಎರಡನ್ನೂ ಅಕ್ಕಪಕ್ಕ ಇಟ್ಟು ಓಡಿಸಿ ನೋಡಿದೆ. ನೀವು ಮಾವನ ಪ್ರೋಗ್ರಾಮನ್ನು ದಾಟಿಸಿದ್ದೀರಿ. ಅದು ಓಡುತ್ತಿದ್ದ ಯಂತ್ರ ಆಚೆ ದಡದಲ್ಲೇ ಉಳಿದಿದೆ.

ಬೇರೆ ಓದುಗರಿಗಾಗಿ ಮೊದಲು ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಸಖರ್ ಅಂದರೆ ಕುವೈತಿನ ಅಲ್ ಆಲಮಿಯಾ ಕಂಪನಿ ಅರಬ್ ದೇಶಗಳಲ್ಲಿ ಮಾರುತ್ತಿದ್ದ ಎಂಎಸ್‌ಎಕ್ಸ್ ಕಂಪ್ಯೂಟರ್. ಎಂಎಸ್‌ಎಕ್ಸ್ ಒಂದೇ ಕಂಪನಿಯ ಯಂತ್ರ ಅಲ್ಲ, ಜಪಾನಿನ ಆಸ್ಕಿ ಕಂಪನಿ ಮತ್ತು ಮೈಕ್ರೋಸಾಫ್ಟ್ ಸೇರಿ 1983ರಲ್ಲಿ ತಂದ ಒಂದು ನಮೂನೆ. ಸೋನಿ, ಯಮಹಾ, ಸಾನ್ಯೊ, ಫಿಲಿಪ್ಸ್, ಯಾರು ಮಾಡಿದರೂ ಒಳಗೆ ಅದೇ ಬಗೆಯ ಚಿಪ್ಪುಗಳು. 3.58 ಮೆಗಾಹರ್ಟ್ಸ್ ವೇಗದ ಝೆಡ್80 ಪ್ರೊಸೆಸರ್, ಚಿತ್ರಕ್ಕೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ವಿಡಿಯೋ ಚಿಪ್ಪು ಮತ್ತು ಅದಕ್ಕೇ ಬೇರೆಯಾಗಿ 16 ಕೆಬಿ ಮೆಮೊರಿ, ಶಬ್ದಕ್ಕೆ ಮೂರು ದನಿಯ ಎವೈ-3-8910. ಡೆಮೊ ಅಂದರೆ ಆಟವೂ ಅಲ್ಲ, ಲೆಕ್ಕಪತ್ರದ ಪ್ರೋಗ್ರಾಮೂ ಅಲ್ಲ. ಈ ಯಂತ್ರ ಏನೆಲ್ಲ ಮಾಡಬಲ್ಲದು ಎಂದು ತೋರಿಸಲಿಕ್ಕೆ ಬರೆದ ಚಿತ್ರ ಮತ್ತು ಶಬ್ದ, ಅಷ್ಟೆ.

ಈಗ ನಿಮ್ಮ ಬೆಡಿಗೆ ಬರುತ್ತೇನೆ. ಮೊದಲ ತಪ್ಪು ವೇಗದ್ದು. ಕುವೈತಿನಲ್ಲೂ ನಮ್ಮಲ್ಲೂ ಆಗಿನ ಟಿವಿ ಪಾಲ್ ಪದ್ಧತಿಯದ್ದು, ಸೆಕೆಂಡಿಗೆ 50 ಚಿತ್ರ. ಮಾವ ಪ್ರತಿ ಚಿತ್ರಕ್ಕೆ ಒಂದು ಹೆಜ್ಜೆ ಇಟ್ಟು ಡೆಮೊ ನಡೆಸಿದ್ದಾರೆ, ನೋಟ್‌ಬುಕ್ಕಿನ ಏಳನೇ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ "50 = 1 ಸೆಕೆಂಡ್" ಎಂದು ಬರೆದುಕೊಂಡೂ ಇದ್ದಾರೆ. ನೀವೂ ಚಿತ್ರಕ್ಕೆ ಒಂದು ಹೆಜ್ಜೆ ಇಟ್ಟಿದ್ದೀರಿ, ಆದರೆ ನಿಮ್ಮ ಮಾನಿಟರ್ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ. ಎರಡೂವರೆ ನಿಮಿಷದ ಬೆಡಿ ನಿಮ್ಮಲ್ಲಿ ಎರಡು ನಿಮಿಷ ಐದು ಸೆಕೆಂಡಿನಲ್ಲೇ ಮುಗಿಯುತ್ತದೆ. ಇದರಲ್ಲಿ ಒಂದು ಮೋಸ ಇದೆ ನೋಡಿ. ಶಬ್ದದ ಶ್ರುತಿ ಚಿಪ್ಪಿನ ಗಡಿಯಾರದಿಂದ ಬರುವುದು, ಚಿತ್ರದ ಲೆಕ್ಕದಿಂದ ಅಲ್ಲ. ಹಾಗಾಗಿ ಶ್ರುತಿ ಏರಲಿಲ್ಲ, ಬರೀ ಲಯ ಓಡಿತು. ಶ್ರುತಿ ಏರಿದ್ದರೆ ನಿಮ್ಮ ಕಿವಿಗೆ ತಕ್ಷಣ ಗೊತ್ತಾಗುತ್ತಿತ್ತು. ಚೆಂಡೆ ಸ್ವಲ್ಪ ಜೋರು ನಡೆಯಿತು ಅನ್ನುವುದು ಆ ಡೆಮೊ ನೂರು ಸಲ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಆರು ಚಿತ್ರಕ್ಕೆ ಐದು ಹೆಜ್ಜೆ ಇಟ್ಟರೆ ಸರಿಯಾಗುವುದಿಲ್ಲವಾ ಅಂತ ಕೇಳಬಹುದು. ಒಟ್ಟು ಸಮಯ ಸರಿಯಾಗುತ್ತದೆ, ಆದರೆ ಮೇಲಕ್ಕೆ ಹಾರುವ ಬೆಡಿ ಸೆಕೆಂಡಿಗೆ ಹತ್ತು ಸಲ ತಡೆದು ತಡೆದು ಹೋಗುತ್ತದೆ. ಅದು ಕಣ್ಣಿಗೆ ಚುಚ್ಚುತ್ತದೆ. ನನ್ನ ಸಲಹೆ ಕೇಳಿದರೆ ಈ ಕೆಲಸಕ್ಕೆ ಪಿಕೊ ಬಿಡಿ, ರಾಸ್ಪ್‌ಬೆರಿ ಪೈ ಝೀರೊ 2 ತೆಗೆದುಕೊಂಡು ಮನೆಯ ಟಿವಿಗೆ ಎಚ್‌ಡಿಎಂಐಯಲ್ಲಿ ಹಾಕಿ. 1280 ಅಡ್ಡ, 720 ಉದ್ದ, 50 ಹರ್ಟ್ಸ್ ಎಂಬುದು ಟಿವಿಗಳ ಅಂಗೀಕೃತ ಅಳತೆ, ಇಲ್ಲಿ ಮಾರುವ ಟಿವಿಗಳು ಅದನ್ನು ತೆಗೆದುಕೊಳ್ಳುತ್ತವೆ.

ಹಾಗೆ ಮಾಡಿದರೆ ಎರಡನೇ ತಪ್ಪೂ ಅಲ್ಲೇ ಸರಿಯಾಗುತ್ತದೆ. ನಿಮ್ಮ ಪರದೆಯಲ್ಲಿ ಚಂದ್ರ ಮೊಟ್ಟೆಯ ಹಾಗೆ ಎತ್ತರಕ್ಕೆ ಎಳೆದಿದೆ. ಮಾವ ಚಂದ್ರನನ್ನು ಬರೆದ ಸಾಲಿನಲ್ಲಿ ವೃತ್ತದ ಆಜ್ಞೆಯ ಕೊನೆಗೆ 1.4 ಎಂದಿದೆ, ನೋಡಿದ್ದೀರಾ? ಪಾಲ್ ಟಿವಿಯಲ್ಲಿ ಎಂಎಸ್‌ಎಕ್ಸ್‌ನ ಒಂದೊಂದು ಚುಕ್ಕಿ ಎತ್ತರಕ್ಕಿಂತ ಅಗಲ ಜಾಸ್ತಿ, ಸುಮಾರು 1.37 ಪಾಲು. ಅದಕ್ಕೇ ವೃತ್ತವನ್ನು ಬೇಕೆಂದೇ ಉದ್ದ ಮಾಡಿ ಬರೆದಿದ್ದಾರೆ, ಟಿವಿಯಲ್ಲಿ ಅದು ಗುಂಡಗೆ ಕಾಣಲಿ ಅಂತ. ನೀವು ಚುಕ್ಕಿಯನ್ನು ಚೌಕ ಮಾಡಿದಿರಿ, 1.4 ಮಾತ್ರ ಹಾಗೇ ಬಿಟ್ಟಿರಿ. 256ಕ್ಕೆ 192 ಚುಕ್ಕಿಯ ಚಿತ್ರವನ್ನು ಅಡ್ಡಕ್ಕೆ ನಾಲ್ಕು ಪಾಲು, ಉದ್ದಕ್ಕೆ ಮೂರು ಪಾಲು ದೊಡ್ಡದು ಮಾಡಿ. 1024ಕ್ಕೆ 576 ಆಗುತ್ತದೆ, 1280ಕ್ಕೆ 720ರ ಒಳಗೆ ಸರಿಯಾಗಿ ಕೂರುತ್ತದೆ, ಸುತ್ತ ಅಂಚಿಗೂ ಜಾಗ ಉಳಿಯುತ್ತದೆ. ಚಂದ್ರ ಗುಂಡಗಾಗುತ್ತಾನೆ.

ಇನ್ನು ಕಿಡಿಗಳು. ನನಗೆ ಈ ಡೆಮೊದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಆ ವಿಡಿಯೋ ಚಿಪ್ಪಿನಲ್ಲಿ 32 ಸ್ಪ್ರೈಟ್ ಇವೆ, ಅಂದರೆ ಪರದೆಯಲ್ಲಿ ಬೇಕಾದಲ್ಲಿಗೆ ಸರಿಸಬಹುದಾದ 32 ಪುಟ್ಟ ಚಿತ್ರಗಳು. ಆದರೆ ಒಂದು ಅಡ್ಡ ಗೆರೆಯಲ್ಲಿ ನಾಲ್ಕಕ್ಕಿಂತ ಜಾಸ್ತಿ ಬಂದರೆ ಐದನೆಯದನ್ನು ಚಿಪ್ಪು ಬರೆಯುವುದಿಲ್ಲ, ಅದು ಆ ಗೆರೆಯಲ್ಲಿ ಮಾಯ. ಆಟ ಬರೆಯುವವರಿಗೆಲ್ಲ ಇದೊಂದು ದೊಡ್ಡ ತಲೆನೋವಾಗಿತ್ತು. ಮಾವ ಏನು ಮಾಡಿದ್ದಾರೆ ಅಂದರೆ, ಪ್ರತಿ ಚಿತ್ರಕ್ಕೂ ಸ್ಪ್ರೈಟಿನ ಪಟ್ಟಿಯನ್ನು ಬೇರೆ ಜಾಗದಿಂದ ಶುರು ಮಾಡಿ ಬರೆದಿದ್ದಾರೆ. ಹಾಗಾಗಿ ಒಮ್ಮೆ ಈ ನಾಲ್ಕು ಕಿಡಿ ಕಾಣುತ್ತದೆ, ಮರುಕ್ಷಣ ಆ ನಾಲ್ಕು. ಬೆಡಿ ಒಡೆದ ಕೂಡಲೇ ಕಿಡಿಗಳೆಲ್ಲ ಒತ್ತೊತ್ತಾಗಿ ಇರುವುದರಿಂದ ಮಿನುಗು ಜಾಸ್ತಿ. ಉದುರುತ್ತಾ ಹರಡಿಕೊಂಡ ಹಾಗೆ ಒಂದೊಂದು ಗೆರೆಯಲ್ಲಿ ಕಿಡಿ ಕಡಿಮೆಯಾಗುತ್ತದೆ, ಮಿನುಗು ತಾನಾಗಿ ಶಾಂತವಾಗುತ್ತದೆ. ನಿಜವಾದ ಬೆಡಿಯೂ ಹೀಗೇ ಅಲ್ವಾ? ಮಿನುಗಲಿಕ್ಕೆ ಅಂತ ಮಾವ ಒಂದು ಸಾಲು ಕೋಡ್ ಬೇರೆಯಾಗಿ ಬರೆದಿಲ್ಲ, ಚಿಪ್ಪಿನ ಆ ಮಿತಿಯೇ ಅದನ್ನು ಮಾಡಿಕೊಟ್ಟಿದೆ. ನಿಮ್ಮ ಬೋರ್ಡಿಗೆ ಅಂಥ ಮಿತಿ ಇಲ್ಲ, 32 ಕಿಡಿಯನ್ನೂ ಪ್ರತಿ ಸಲ ಪೂರ್ತಿ ತೋರಿಸಿತು. ಅದಕ್ಕೇ ಅವು ಕಿಡಿಯ ಹಾಗಿಲ್ಲ, ಹಳದಿ ಚುಕ್ಕಿಗಳ ಹಾಗಿವೆ.

ಸರಿಪಡಿಸುವುದು ಕಷ್ಟ ಇಲ್ಲ. 192 ಗೆರೆಗಳಲ್ಲಿ ಒಂದೊಂದಕ್ಕೂ 32 ಸ್ಪ್ರೈಟನ್ನು ಪಟ್ಟಿಯ ಕ್ರಮದಲ್ಲೇ ನೋಡುತ್ತಾ ಬನ್ನಿ, ಆ ಗೆರೆಗೆ ಬೀಳುವ ಮೊದಲ ನಾಲ್ಕನ್ನು ಮಾತ್ರ ಬರೆಯಿರಿ. ಎರಡು ಕಡೆ ಎಡವುತ್ತಾರೆ, ಮೊದಲೇ ಹೇಳಿಬಿಡುತ್ತೇನೆ. ಬಣ್ಣ ಇಲ್ಲದ ಸ್ಪ್ರೈಟು ಕಣ್ಣಿಗೆ ಕಾಣದಿದ್ದರೂ ನಾಲ್ಕರ ಲೆಕ್ಕಕ್ಕೆ ಸೇರುತ್ತದೆ. ಮತ್ತೆ, ಸ್ಪ್ರೈಟು ಯಾವ ಗೆರೆಯಲ್ಲಿದೆ ಎನ್ನುವ ಸಂಖ್ಯೆ 208 ಇದ್ದರೆ ಚಿಪ್ಪು ಆ ಪಟ್ಟಿಯನ್ನು ಅಲ್ಲಿಗೇ ನಿಲ್ಲಿಸುತ್ತದೆ, ಮುಂದಿನ ಯಾವುದನ್ನೂ ಬರೆಯುವುದಿಲ್ಲ.

ಕಿಡಿ ಯಾವ ದಿಕ್ಕಿಗೆ ಹಾರುತ್ತದೆ ಅನ್ನುವುದು ನಾಲ್ಕನೇ ವಿಷಯ. ನೋಟ್‌ಬುಕ್ಕಿನ ಯಂತ್ರಭಾಷೆಯ ಪುಟದಲ್ಲಿ "ಇಡಿ 5ಎಫ್" ಎಂಬ ಎರಡು ಬೈಟಿಗೆ ಮಾವ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾರೆ. ಅದು ಝೆಡ್80ಯ ಆರ್ ಎಂಬ ರಿಜಿಸ್ಟರನ್ನು, ಅಂದರೆ ಪ್ರೊಸೆಸರಿನೊಳಗೆ ಒಂದು ಸಂಖ್ಯೆ ಹಿಡಿಯುವ ಪುಟ್ಟ ಜಾಗವನ್ನು, ಓದುವ ಆಜ್ಞೆ. ಆ ರಿಜಿಸ್ಟರ್ ಇರುವುದು ಮೆಮೊರಿ ಚಿಪ್ಪನ್ನು ಜೀವಂತ ಇಡಲಿಕ್ಕೆ, ಒಂದೊಂದು ಆಜ್ಞೆ ಓದಿದ ಹಾಗೆ 0ಯಿಂದ 127ರ ವರೆಗೆ ಏರಿ ಮತ್ತೆ 0ಗೆ ಬರುತ್ತದೆ. ಆಗಿನವರು ಅದನ್ನೇ ಚೀಟಿ ಎತ್ತಿದ ಹಾಗೆ ಬಳಸುತ್ತಿದ್ದರು. ನೀವು ಅದರ ಬದಲಿಗೆ ಸಿ ಭಾಷೆಯ ರ್‍ಯಾಂಡಮ್ ಹಾಕಿದ್ದೀರಿ. ನೋಡಲಿಕ್ಕೆ ಎರಡೂ ಒಂದೇ ಅನ್ನಿಸುತ್ತದೆ.

ಆದರೆ ಒಂದೇ ಅಲ್ಲ. ಮಾವನ ಲೂಪ್ ಪ್ರತಿ ಸುತ್ತಿಗೂ ಅಷ್ಟೇ ಆಜ್ಞೆ ಓದುತ್ತದೆ, ಹಾಗಾಗಿ ಆರ್ ಪ್ರತಿ ಸಲ ಅಷ್ಟೇ ಮುಂದೆ ಹೋಗುತ್ತದೆ. ನಾನು ಕೂತು ಎಣಿಸಿದೆ, 23 ಬಂತು. (ಇಡಿಯಿಂದ ಶುರುವಾಗುವ ಆಜ್ಞೆ ಎರಡು ಎಣಿಕೆ, ಅದನ್ನು ಮರೆಯಬೇಡಿ. ಮೊದಲ ಸಲ ನನಗೆ 22 ಬಂದದ್ದು ಅದಕ್ಕೇ.) 128 ದಿಕ್ಕುಗಳ ಸುತ್ತಿನಲ್ಲಿ 23ರ ಹೆಜ್ಜೆ ಇಟ್ಟರೆ ಹನ್ನೊಂದು ಹೆಜ್ಜೆಗೆ 253 ಆಗುತ್ತದೆ, ಅಂದರೆ ಎರಡು ಪೂರ್ತಿ ಸುತ್ತಿಗೆ ಮೂರು ಕಡಿಮೆ. ಹಾಗಾಗಿ ಹನ್ನೆರಡನೇ ಕಿಡಿ ಮೊದಲನೆಯದರ ಪಕ್ಕದಲ್ಲೇ ಬೀಳುತ್ತದೆ, ಇಪ್ಪತ್ತಮೂರನೆಯದು ಅದರ ಪಕ್ಕ. 32 ಕಿಡಿ ಮುಗಿಯುವಾಗ ಹನ್ನೊಂದು ಎಸಳಿನ ಹೂವು ಆಗಿರುತ್ತದೆ, ಎಸಳಿಗೆ ಮೂರು ಕಿಡಿ, ಒಂದು ಎಸಳಿನಲ್ಲಿ ಮಾತ್ರ ಎರಡೇ. ಎಮ್ಯುಲೇಟರನ್ನು ಒಡೆದ ಕ್ಷಣದಲ್ಲಿ ನಿಲ್ಲಿಸಿ ಪೆನ್ಸಿಲ್ ಹಿಡಿದು ಎಣಿಸಿ, ಕಾಣುತ್ತದೆ. ಕೀಲಿ ಒತ್ತಿದ ಕ್ಷಣದ ಮೇಲೆ ಹೂವು ಯಾವ ಕಡೆ ತಿರುಗಿದೆ ಅನ್ನುವುದು ಬದಲಾಗುತ್ತಿತ್ತು, ಹೂವು ಹೂವೇ. ನಿಮ್ಮದರಲ್ಲಿ ಹೂವಿಲ್ಲ, ಅಂಗಳಕ್ಕೆ ಅಕ್ಕಿ ಚೆಲ್ಲಿದ ಹಾಗಿದೆ. ರ್‍ಯಾಂಡಮ್ ತೆಗೆಯಿರಿ, ಒಂದು ಸಂಖ್ಯೆ ಇಟ್ಟುಕೊಂಡು ಪ್ರತಿ ಸಲ 23 ಕೂಡಿಸಿ, 128 ಮುಟ್ಟಿದರೆ ಅಥವಾ ದಾಟಿದರೆ 128 ಕಳೆಯಿರಿ. ಇಷ್ಟೇ ಸಾಕು.

ಶಬ್ದದಲ್ಲಿ ಒಂದು ಸಣ್ಣದು, ಒಂದು ದೊಡ್ಡದು. ಸಣ್ಣದು ಏನೆಂದರೆ, ಆ ಚಿಪ್ಪಿನಲ್ಲಿ ದನಿಯ ಮಟ್ಟ 0ಯಿಂದ 15. ಒಂದೊಂದು ಮೆಟ್ಟಿಲು ಇಳಿದಾಗ ಸುಮಾರು 3 ಡೆಸಿಬೆಲ್ ಕಡಿಮೆಯಾಗುತ್ತದೆ, ಅಂದರೆ ಅಲೆಯ ಎತ್ತರ 1.4ರಿಂದ ಭಾಗಿಸಿದಷ್ಟು. 15ನ್ನು ನೂರು ಅಂತ ಇಟ್ಟರೆ 8ಕ್ಕೆ ಬರುವಾಗ ಒಂಬತ್ತರ ಹತ್ತಿರ ಇಳಿದಿರಬೇಕು. ನೀವು ಸಮ ಸಮ ಭಾಗ ಮಾಡಿದ್ದೀರಿ, ನಿಮ್ಮ ಲೆಕ್ಕದಲ್ಲಿ 53 ಬರುತ್ತದೆ. ಹಾಗಾಗಿ ಬೆಡಿ "ಢಂ" ಎನ್ನುವ ಬದಲಿಗೆ "ಢಂಂಂ" ಎಂದು ಎಳೆಯುತ್ತದೆ. 16 ಸಂಖ್ಯೆಯ ಒಂದು ಪಟ್ಟಿ ಮಾಡಿ ಇಟ್ಟುಕೊಳ್ಳಿ, ಮುಗಿಯಿತು.

ದೊಡ್ಡದನ್ನು ನೋಡಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಿಮ್ಮ ಕೋಡಿನಲ್ಲಿ ಒಂದು ಕಡೆ ಟಿಪ್ಪಣಿ ಹಾಕಿದ್ದೀರಿ, "ಮೂಲದಲ್ಲಿ ಶಬ್ದ 25 ಫ್ರೇಮ್ ತಡ, ಸರಿಪಡಿಸಿದ್ದೇನೆ" ಅಂತ. ಬೆಳಕಿನ ಜೊತೆಗೇ ಶಬ್ದ ಬರುವ ಹಾಗೆ ಮಾಡಿದ್ದೀರಿ. ಅದು ತಪ್ಪಾಗಿರಲಿಲ್ಲ. 25 ಫ್ರೇಮ್ ಅಂದರೆ 25 ಚಿತ್ರ, ಅರ್ಧ ಸೆಕೆಂಡ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅರ್ಧ ಸೆಕೆಂಡಿಗೆ 170 ಮೀಟರ್. ಜನವರಿಯ ಜಾತ್ರೆಯಲ್ಲಿ ಬೆಡಿ ಇಡುವ ಜಾಗದಿಂದ 170 ಮೀಟರ್ ದೂರ ನಿಂತು ನೋಡಿದವರಿಗೆ ಬೆಡಿ ಹೀಗೇ ಕೇಳುವುದು, ಮೊದಲು ಬೆಳಕು, ಆಮೇಲೆ ಎದೆಗೆ ಬಡಿಯುವ ಸದ್ದು. ಮಾವ ತಾನು ನಿಂತು ನೋಡಿದ ಜಾಗವನ್ನೇ ಪ್ರೋಗ್ರಾಮಿನೊಳಗೆ ಇಟ್ಟಿದ್ದಾರೆ. ಆ 25ನ್ನು ವಾಪಸ್ ಹಾಕಿ. ಅದನ್ನು 60 ಹರ್ಟ್ಸ್‌ನಲ್ಲಿ ಓಡಿಸಿದರೆ ಮಾವ 28 ಮೀಟರ್ ಮುಂದೆ ಬಂದು ನಿಂತ ಹಾಗಾಗುತ್ತದೆ, ಅದಕ್ಕೂ ಸೇರಿ 50 ಹರ್ಟ್ಸ್ ಬೇಕು ಅಂದದ್ದು.

ಇಷ್ಟು ಮಾಡಿ ಅಮ್ಮನಿಗೆ ಮತ್ತೆ ತೋರಿಸಿ. ಅವರು ಏನು ಹೇಳಿದರು ಅಂತ ದಯವಿಟ್ಟು ಬರೆಯಿರಿ, ನಾನು ಕಾಯುತ್ತಿರುತ್ತೇನೆ. ಮಾವ ಯಾವ ಕಡೆ ನಿಂತು ಬೆಡಿ ನೋಡುತ್ತಿದ್ದರು ಅಂತಲೂ ಕೇಳಿ.

ಪ್ರಶ್ನೆ: ಟೀಚರ್, ನಮ್ಮಲ್ಲೂ ಅಂಥ ಪ್ರೋಗ್ರಾಮಿನ ಕ್ಯಾಸೆಟ್ ಮೂರಿವೆ. ಅಟ್ಟದಲ್ಲಿ ಇಟ್ಟು ಬಿಳಿ ಬೂಸ್ಟು ಹಿಡಿದಿದೆ. ಟೇಪ್ ರೆಕಾರ್ಡರಿಗೆ ಹಾಕಿ ನೋಡಬಹುದಾ?
– ಒಬ್ಬರು ಗೃಹಿಣಿ, ಮಂಜೇಶ್ವರ

ಉತ್ತರ: ಬೇಡಮ್ಮ, ಈಗಲೇ ಹಾಕಬೇಡಿ. ಬೂಸ್ಟು ಹಿಡಿದ ಟೇಪನ್ನು ಓಡಿಸಿದರೆ ಅದು ಹೆಡ್ಡಿಗೆ ಅಂಟುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಟೇಪ್ ಹರಿಯಲೂಬಹುದು. ನಮ್ಮ ಕರಾವಳಿಯ ಮಳೆಗಾಲಕ್ಕೆ ಯಾವ ಕ್ಯಾಸೆಟ್ಟೂ ಸುಮ್ನೆ ಇಟ್ಟರೆ ಉಳಿಯುವುದಿಲ್ಲ. ಮೊದಲು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಎರಡು ವಾರ ಇಡಿ. ಬಿಸಿಲಿಗೆ ಇಡಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಆಮೇಲೆ ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಸುತ್ತಿನ ಅಂಚಿನ ಬೂಸ್ಟನ್ನು ಮೆತ್ತಗಿನ ಬ್ರಶ್ಶಿನಲ್ಲಿ ಮನೆಯ ಹೊರಗೆ ಒರೆಸಿ. ಒಳಗೆ ಟೇಪನ್ನು ಹೆಡ್ಡಿಗೆ ಒತ್ತುವ ಒಂದು ಚಿಕ್ಕ ಫೆಲ್ಟಿನ ತುಂಡು ಇರುತ್ತದೆ, ಅದು ಉದುರಿ ಹೋಗಿದ್ದರೆ ಬೇರೆ ಹಾಳು ಕ್ಯಾಸೆಟ್ಟಿನಿಂದ ತೆಗೆದು ಹಾಕಿ. ಒಮ್ಮೆ ಪೆನ್ಸಿಲ್ ತೂರಿಸಿ ಕೈಯಲ್ಲೇ ನಿಧಾನ ಸುತ್ತಿ ನೋಡಿ.

ರೆಕಾರ್ಡರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಲ್ಯಾಪ್‌ಟಾಪಿಗೆ ವಯರ್ ಕೊಟ್ಟು 44,100 ಹರ್ಟ್ಸ್‌ನಲ್ಲಿ ವೇವ್ ಫೈಲಾಗಿ ರೆಕಾರ್ಡ್ ಮಾಡಿ. ಎಂಪಿ3 ಮಾಡಲೇಬೇಡಿ, ಡಾಲ್ಬಿಯ ಹಾಗೆ ಸದ್ದು ತಗ್ಗಿಸುವ ಯಾವ ಬಟನ್ ಇದ್ದರೂ ಆಫ್ ಮಾಡಿ. ಎಂಎಸ್‌ಎಕ್ಸ್ ಕ್ಯಾಸೆಟ್ಟಿನಲ್ಲಿ ಸೊನ್ನೆ ಅಂದರೆ 1200 ಹರ್ಟ್ಸ್‌ನ ಒಂದು ಅಲೆ, ಒಂದು ಅಂದರೆ 2400ರ ಎರಡು ಅಲೆ. ಎಂಪಿ3 ಮನುಷ್ಯರ ಕಿವಿಗೆ ಬೇಡದ್ದನ್ನು ಬಿಟ್ಟುಬಿಡುತ್ತದೆ, ಕಂಪ್ಯೂಟರಿಗೆ ಬೇಕಾದ್ದೂ ಅದರಲ್ಲೇ ಹೋಗಿರಬಹುದು. ನಾನು ವಿದ್ಯಾರ್ಥಿಯಾಗಿದ್ದಾಗ ಬರೆದ ಒಂದು ಪ್ರೋಗ್ರಾಮನ್ನು ಎಂಪಿ3 ಮಾಡಿ ಇಟ್ಟು ಕ್ಯಾಸೆಟ್ ಎಸೆದುಬಿಟ್ಟೆ. ಇವತ್ತಿಗೂ ಅದು ಓದಿಸಿಕೊಳ್ಳುತ್ತಿಲ್ಲ, ಆ ಸಂಕಟ ಇನ್ನೂ ಇದೆ. ಸದ್ದು ಮಂದವಾಗಿ ಕೇಳಿದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಚುರುಕಾಗಿ ಕೇಳುವ ಜಾಗದಲ್ಲಿ ಬಿಡಿ. 16 ಕೆಬಿಯ ಪ್ರೋಗ್ರಾಮ್ ಬರಲಿಕ್ಕೆ ಎರಡೂವರೆ ನಿಮಿಷ ಸಾಕು.

ಪ್ರಶ್ನೆ: ಎಮ್ಯುಲೇಟರಿನಲ್ಲಿ ಹಳೆಯದು ಹಾಗೇ ಓಡುತ್ತದಲ್ಲ ಮೇಡಂ, ಮತ್ತೆ ಬರೆಯುವ ಕಷ್ಟ ಯಾಕೆ? ಅದೇ ಎಮ್ಯುಲೇಟರನ್ನು ಪೈ ಬೋರ್ಡಿಗೆ ಹಾಕಿದರೆ ಆಯಿತಲ್ಲ?
– ಸಾಫ್ಟ್‌ವೇರ್ ಕೆಲಸದವರು, ಹೊಸೂರು

ಉತ್ತರ: ಬರೀ ನೋಡುವುದಷ್ಟೇ ಬೇಕಾದರೆ ಆಯಿತು. ಓಪನ್ ಎಂಎಸ್‌ಎಕ್ಸ್ ಎಂಬ ಎಮ್ಯುಲೇಟರ್ ತುಂಬಾ ನಿಖರ, ಮೇಲೆ ಹೇಳಿದ ಸ್ಪ್ರೈಟು, ಆರ್ ರಿಜಿಸ್ಟರು ಎಲ್ಲ ಅದರಲ್ಲಿ ಸರಿಯಾಗಿ ಬರುತ್ತದೆ. ಒಂದು ತೊಡಕಿದೆ. ಯಂತ್ರದ ಮೂಲ ಬಯೋಸ್, ಅಂದರೆ ಯಂತ್ರದೊಳಗೇ ಇರುವ ಮೂಲ ಪ್ರೋಗ್ರಾಮ್, ಕಂಪನಿಗಳ ಹಕ್ಕಿನದ್ದು, ಹಂಚುವ ಹಾಗಿಲ್ಲ. ಅದರ ಬದಲಿಗೆ ಸಿ-ಬಯೋಸ್ ಅಂತ ಮುಕ್ತವಾದ್ದು ಇದೆ, ಆದರೆ ಅದರಲ್ಲಿ ಬೇಸಿಕ್ ಭಾಷೆಯೂ ಇಲ್ಲ, ಕ್ಯಾಸೆಟ್ ಓದಲಿಕ್ಕೂ ಬರುವುದಿಲ್ಲ. ಬೇಸಿಕ್‌ನಲ್ಲಿ ಬರೆದು ಕ್ಯಾಸೆಟ್ಟಿನಲ್ಲಿ ಇಟ್ಟ ಮನೆಯ ಡೆಮೊಗೆ ಅದು ಉಪಯೋಗಕ್ಕಿಲ್ಲ.

ನನ್ನ ಮಟ್ಟಿಗೆ ಎರಡೂ ಬೇಕು. ಎಮ್ಯುಲೇಟರ್ ಸಾಕ್ಷಿ, ಜಗಳ ಬಂದರೆ ಅದನ್ನೇ ಕೇಳಬೇಕು. ಮತ್ತೆ ಬರೆದರೆ ಮಾತ್ರ ಬರೆದವರ ತಲೆಯೊಳಗೆ ಏನಿತ್ತು ಅಂತ ಗೊತ್ತಾಗುವುದು. ಕುಂಬಳೆಯ ಆ ಹುಡುಗ ಎಮ್ಯುಲೇಟರಿನಲ್ಲಿ ಓಡಿಸಿ ಬಿಟ್ಟಿದ್ದರೆ ಅವನಿಗೆ ಆ 25 ಫ್ರೇಮಿನ ವಿಷಯ ಯಾವತ್ತೂ ತಿಳಿಯುತ್ತಿರಲಿಲ್ಲ, ಅಲ್ವಾ?

ಪ್ರಶ್ನೆ: ಪಿಕೊದಿಂದ ಮಾನಿಟರಿಗೆ ನೇರ ವಯರ್ ಕೊಡಬಹುದಂತೆ, ಹೌದಾ? ಮೆಮೊರಿ ಸಾಕಾಗುತ್ತದಾ?
– ಪ್ಲಸ್ ಟು ವಿದ್ಯಾರ್ಥಿ, ಉಪ್ಪಳ

ಉತ್ತರ: ನೇರ ಅಲ್ಲ ಮಗಾ, ನಡುವೆ ರೆಸಿಸ್ಟರ್ ಬೇಕು. ಪಿಕೊದ ಪಿನ್ನಿನಲ್ಲಿ 3.3 ವೋಲ್ಟ್ ಬರುತ್ತದೆ, ವಿಜಿಎ ಮಾನಿಟರಿನ ಬಣ್ಣದ ತಂತಿಗೆ ಬೇಕಾದ್ದು 0.7 ವೋಲ್ಟ್. ಮಾನಿಟರಿನ ಒಳಗೆ 75 ಓಮ್ ಇರುತ್ತದೆ, ಹಾಗಾಗಿ ಒಂದು ಪಿನ್ನಿಗೆ 270 ಓಮ್ ಹಾಕಿದರೆ ಲೆಕ್ಕ ಸರಿಯಾಗುತ್ತದೆ. ಕೆಂಪು, ಹಸಿರು, ನೀಲಿಗೆ ಒಂದೊಂದೇ ಪಿನ್ ಕೊಟ್ಟರೆ ಎಂಟೇ ಬಣ್ಣ. ಎಂಎಸ್‌ಎಕ್ಸ್‌ಗೆ 15 ಬಣ್ಣ, ಹಸಿರೇ ಮೂರು ಬಗೆ, ಆದ್ದರಿಂದ ಬಣ್ಣಕ್ಕೆ ಎರಡು ಮೂರು ಪಿನ್ ಬೇಕು, ಆಗ ರೆಸಿಸ್ಟರಿನ ಬೆಲೆಗಳೂ ಬೇರೆಯಾಗುತ್ತವೆ.

ಮೆಮೊರಿಗೆ ಹೆದರಬೇಡ. 256ನ್ನು 192ರಿಂದ ಗುಣಿಸಿ ಚುಕ್ಕಿಗೆ ಒಂದು ಬೈಟ್ ಇಟ್ಟರೂ 48 ಕೆಬಿ. ಪಿಕೊದಲ್ಲಿ 264 ಕೆಬಿ ಇದೆ, ಎರಡು ಚಿತ್ರ ಇಟ್ಟರೂ ಜಾಗ ಮಿಗುತ್ತದೆ. 640ಕ್ಕೆ 480ರ ಪರದೆಯಲ್ಲಿ ಚಿತ್ರವನ್ನು ಎರಡರಷ್ಟು ಮಾಡಿ ಮಧ್ಯಕ್ಕೆ ಇಡು. 60 ಹರ್ಟ್ಸ್‌ಗೇ ಬರೆದ ಜಪಾನಿನ ಡೆಮೊಗಳಿಗೆ ಇದು ಚೆನ್ನಾಗಿ ಆಗುತ್ತದೆ. ಅಲ್ಲಿ ಮೂಲ ಯಂತ್ರ ಸೆಕೆಂಡಿಗೆ 59.92 ಚಿತ್ರ, ವಿಜಿಎ 59.94. ಇಷ್ಟು ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಪ್ರಶ್ನೆ: ನಾನು ಓದಿದ ಶಾಲೆಯಲ್ಲಿ 80ರ ದಶಕದಲ್ಲಿ ಬಿಬಿಸಿ ಮೈಕ್ರೋ ಇತ್ತು. ಅದರ ಕ್ಯಾಸೆಟ್ ಒಂದು ನನ್ನ ಹತ್ತಿರ ಇದೆ. ಇದೇ ಕ್ರಮ ಆಗುತ್ತದಾ?
– ನಿವೃತ್ತ ಬ್ಯಾಂಕ್ ನೌಕರರು, ಆದೋನಿ

ಉತ್ತರ: ಅದು 1984ರಲ್ಲಿ ಕೇಂದ್ರ ಸರಕಾರ ಶಾಲೆಗಳಿಗಾಗಿ ಶುರು ಮಾಡಿದ ಕ್ಲಾಸ್ ಯೋಜನೆಯ ಯಂತ್ರ ಇರಬೇಕು, ಅದರಲ್ಲಿ ಬಳಸಿದ್ದು ಬಿಬಿಸಿ ಮೈಕ್ರೋವನ್ನೇ. ಕ್ಯಾಸೆಟ್ ತೆಗೆಯುವ ಕ್ರಮ ಅದೇ, ಅಲ್ಲೂ 1200 ಮತ್ತು 2400 ಹರ್ಟ್ಸ್‌ನ ಅಲೆಗಳು. ಮುಂದಿನ ದಾರಿ ಪೂರ್ತಿ ಬೇರೆ. ಪ್ರೊಸೆಸರ್ 2 ಮೆಗಾಹರ್ಟ್ಸ್‌ನ 6502, ಸ್ಪ್ರೈಟ್ ಇಲ್ಲವೇ ಇಲ್ಲ, 32 ಕೆಬಿ ಮೆಮೊರಿಯನ್ನು ಪರದೆ ಮತ್ತು ಪ್ರೋಗ್ರಾಮ್ ಹಂಚಿಕೊಳ್ಳಬೇಕು. ಬೀಬ್ಎಮ್ ಎಂಬ ಎಮ್ಯುಲೇಟರಿನಲ್ಲಿ ಮೊದಲು ಓಡಿಸಿ ನೋಡಿ, ಕ್ಯಾಸೆಟ್ಟಿನಲ್ಲಿ ಏನಿದೆ ಅಂತ ಬರೆಯಿರಿ. ಆಮೇಲೆ ಮಾತಾಡೋಣ.

ಪ್ರಶ್ನೆ: ನನ್ನ ಹಳೆಯ ಎಂಎಸ್‌ಎಕ್ಸ್ ಪ್ರೋಗ್ರಾಮಿನಲ್ಲಿ ಊರಿನ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕನ್ನಡದಲ್ಲಿ ಬರೆದಿದ್ದೆ. ಈಗ ಹೊಸದಾಗಿ ಬರೆಯುವಾಗ ಒಳ್ಳೆಯ ಯೂನಿಕೋಡ್ ಫಾಂಟ್ ಹಾಕಲಾ?
– ಅಡಿಕೆ ಕೃಷಿಕರು, ನೀರ್ಚಾಲು

ಉತ್ತರ: ಹಾಕಬೇಡಿ. ದಯವಿಟ್ಟು. ಆಗಿನ ಆ ಯಂತ್ರದೊಳಗೆ ಕನ್ನಡವೇ ಇರಲಿಲ್ಲ, ಯೂನಿಕೋಡಿನ ಮೊದಲ ಆವೃತ್ತಿ ಬಂದದ್ದೇ 1991ರಲ್ಲಿ. ಗೀಟಿನ ಪುಸ್ತಕದಲ್ಲಿ ಚೌಕ ತುಂಬಿಸಿ, ಒಂದೊಂದು ಸಾಲನ್ನು ಸಂಖ್ಯೆ ಮಾಡಿ, ನೀವೇ ನಿಮ್ಮ ಕೈಯಿಂದ ಅಕ್ಷರ ಮಾಡಿದ್ದೀರಿ. ನೀವು ಕಳಿಸಿದ ಫೋಟೊದಲ್ಲಿ "ರ್ಚಾ" ನೋಡಿದೆ. 16 ಚುಕ್ಕಿಯ ಅಗಲದಲ್ಲಿ ಅರ್ಕಾವತ್ತು ಹಿಡಿಸಲಿಲ್ಲ, ಅದಕ್ಕೆ ಪಕ್ಕದ ಮನೆಯಿಂದ ನಾಲ್ಕು ಚುಕ್ಕಿ ಸಾಲ ತೆಗೆದು "ಲು"ವನ್ನು ಸ್ವಲ್ಪ ಕಿರಿದು ಮಾಡಿದ್ದೀರಿ. ಅಂಥ ಜಾಣ್ಮೆಯನ್ನು ಯಾವ ಫಾಂಟ್ ಕೊಡುತ್ತದೆ? ಹೇಗೂ ಸಣ್ಣ ಬೋರ್ಡುಗಳಲ್ಲಿ ಒತ್ತಕ್ಷರ ಜೋಡಿಸುವ ವ್ಯವಸ್ಥೆ ಸಿದ್ಧವಾಗಿ ಇರುವುದಿಲ್ಲ, ಚಿತ್ರವಾಗಿಯೇ ಇಡಬೇಕಾಗುತ್ತದೆ. ಹಾಗಿದ್ದ ಮೇಲೆ ನಿಮ್ಮದೇ ಚಿತ್ರ ಇಡಿ. ಆ ಸಂಖ್ಯೆಗಳನ್ನು ಹಾಗೇ ತೆಗೆದು ಹಾಕಿದರೆ ಸಾಕು, ಬದಲಿಸುವ ಕೆಲಸವೂ ಇಲ್ಲ.

ಪ್ರಶ್ನೆ: ಟೀಚರ್, ನಾನು ಏಳನೇ ಕ್ಲಾಸ್. ನನ್ನ ಹತ್ತಿರ ಹಳೆಯ ಕಂಪ್ಯೂಟರ್ ಇಲ್ಲ. ನಾನೂ ಡೆಮೊ ಮಾಡಬಹುದಾ?
– ವಿದ್ಯಾರ್ಥಿನಿ, ಪೆರ್ಲ

ಉತ್ತರ: ಖಂಡಿತ ಮಾಡಬಹುದು ಪುಟ್ಟಿ. ಶಾಲೆಯ ಲ್ಯಾಬಿನಲ್ಲಿ ಬ್ರೌಸರ್ ತೆರೆದು ವೆಬ್ ಎಂಎಸ್‌ಎಕ್ಸ್ ಅಂತ ಹುಡುಕು, ಪರದೆಯಲ್ಲೇ ಆ ಹಳೆಯ ಯಂತ್ರ ಬರುತ್ತದೆ. ಮೂರೇ ಸಾಲು ಬರಿ. 10ನೇ ಸಾಲಿಗೆ ಸ್ಕ್ರೀನ್ 2. 20ನೇ ಸಾಲಿಗೆ ಸರ್ಕಲ್, ಕಂಸದಲ್ಲಿ 128, 96, ಕಂಸ ಮುಚ್ಚಿ ಅಲ್ಪವಿರಾಮ, 50, ಅಲ್ಪವಿರಾಮ, 15, ಆಮೇಲೆ ಮೂರು ಅಲ್ಪವಿರಾಮ, 1.4. 30ನೇ ಸಾಲಿಗೆ ಗೋಟು 30, ಇದಿಲ್ಲದಿದ್ದರೆ ಚಿತ್ರ ಬಂದ ಹಾಗೇ ಹೋಗಿಬಿಡುತ್ತದೆ. ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು, ಕಂಪ್ಯೂಟರ್ ಟೀಚರನ್ನು ಕೇಳಿದರೆ ತೋರಿಸುತ್ತಾರೆ. ರನ್ ಒತ್ತು. ಬಂದ ವೃತ್ತವನ್ನು ಸ್ಕೇಲಿನಲ್ಲಿ ಅಡ್ಡ ಉದ್ದ ಎರಡೂ ಅಳೆದು ಬರೆದಿಡು. ಆಮೇಲೆ ಕೊನೆಯ ಮೂರು ಅಲ್ಪವಿರಾಮ ಮತ್ತು 1.4 ತೆಗೆದು ಮತ್ತೆ ಓಡಿಸಿ ಅಳೆ. ನಾಲ್ಕೂ ಅಳತೆ ನನಗೆ ಕಳಿಸು, ಮುಂದಿನ ತಿಂಗಳು ಅಲ್ಲಿಂದಲೇ ಶುರು ಮಾಡೋಣ.